ಜೆಕ್ವೆರಿ ಪೇಜಿನಲ್ಲಿ ರಿಯಾಕ್ಟ್ ಬಟನ್ ಕೂರಿಸಿದೆ, ಒತ್ತಿದರೆ ಏನೂ ಆಗ್ತಿಲ್ಲ

ಕೆಂಪು_ಚೀಲ:
ಹುಬ್ಬಳ್ಳಿಯಲ್ಲಿ ಸಣ್ಣ ಆಫೀಸು ನಮ್ಮದು, ಇಬ್ಬರೇ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಹಿಂದೆ ಯಾರೋ ಪಿಎಚ್‌ಪಿ, ಜೆಕ್ವೆರಿಯಲ್ಲಿ (ಪೇಜಿನ ಒತ್ತು-ಬದಲು ನೋಡಿಕೊಳ್ಳುವ ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದದ್ದು. ಟೇಬಲ್ಲಿನ ಒಂದೊಂದು ಸಾಲೂ ಒಂದೊಂದು ಲಾಟು: ಕಾಯಿ ಡಬ್ಬಿ ಜಾತಿಯೋ ಕಡ್ಡಿಯೋ, ಎಷ್ಟು ಚೀಲ, ತೂಕ, ಹಮಾಲಿ, ದರ. ಪೂರ್ತಿ ಹೊಸದಾಗಿ ಬರೆಯೋಣ ಅಂದರೆ ಸಾಹುಕಾರರು "ಸೀಸನ್ ನಡದೈತಿ, ಕೈ ಹಚ್ಚಬ್ಯಾಡ್ರಿ" ಅಂತಾರೆ. ಹಾಗಾಗಿ ತೂಕ ತಿದ್ದುವಷ್ಟನ್ನು ಮಾತ್ರ ರಿಯಾಕ್ಟ್ 16ರಲ್ಲಿ (ಪೇಜಿನ ಭಾಗಗಳನ್ನು ಕಟ್ಟುವ ಹೊಸ ಲೈಬ್ರರಿ) ಮಾಡಿ, ತೂಕದ ಟಿಡಿ, ಅಂದರೆ ಟೇಬಲ್ಲಿನ ಆ ಮನೆಯ ಒಳಗೆ ಕೂರಿಸಿದೆ. ಬಟನ್ ಕಾಣುತ್ತದೆ, ಆದರೆ ಒತ್ತಿದಾಗ ನಡೆಯಬೇಕಾದ ಆನ್‌ಕ್ಲಿಕ್ ಓಡುವುದೇ ಇಲ್ಲ. ಎರರ್ ಕೂಡ ಇಲ್ಲ. ಎರಡು ದಿನ ಹೋಯಿತು.

ಧಾರವಾಡ_ಮಳೆ:
ಆ ಟಿಡಿ ಮೇಲೆ ಹಳೇ ಕೋಡಿನಲ್ಲಿ ಸ್ಟಾಪ್‌ಪ್ರೊಪಗೇಶನ್ (ಕ್ಲಿಕ್ಕಿನ ಸುದ್ದಿ ಅಲ್ಲಿಂದ ಮೇಲಕ್ಕೆ ಹೋಗದಂತೆ ತಡೆಯುವುದು) ಇದೆಯಾ ನೋಡಿ.

ಕೆಂಪು_ಚೀಲ:
ಇದೆ ರೀ! ಸಾಲು ಒತ್ತಿದರೆ ಬಿಲ್ ತೆರೆಯುತ್ತದೆ, ತೂಕದ ಮೇಲೆ ಒತ್ತಿದಾಗ ತೆರೆಯಬಾರದು ಅಂತ ಹಾಕಿದ್ದಾರೆ.

ಧಾರವಾಡ_ಮಳೆ:
ಅದೇ ಮತ್ತೆ. ರಿಯಾಕ್ಟ್ 16 ನಿಮ್ಮ ಬಟನ್ ಮೇಲೆ ಏನನ್ನೂ ಕಟ್ಟುವುದಿಲ್ಲ, ಎಲ್ಲ ಕ್ಲಿಕ್ಕಿಗೂ ಮೇಲೆ ಡಾಕ್ಯುಮೆಂಟಿನಲ್ಲಿ, ಅಂದರೆ ಇಡೀ ಪೇಜಿನ ತುದಿಯಲ್ಲಿ, ಕಾದು ಕೂತಿರುತ್ತದೆ. ನಿಮ್ಮ ಕ್ಲಿಕ್ ಅಲ್ಲಿಗೆ ಹೋಗುವ ದಾರಿಯಲ್ಲೇ ಜೆಕ್ವೆರಿ ಹಿಡಿದು ನಿಲ್ಲಿಸುತ್ತಿದೆ, ಇನ್ನು ರಿಯಾಕ್ಟಿಗೆ ಸುದ್ದಿ ಮುಟ್ಟುವುದು ಹೇಗೆ? 2020ರ ಅಕ್ಟೋಬರಿನಲ್ಲಿ ಬಂದ 17ರಲ್ಲಿ ಇದನ್ನು ಬದಲಿಸಿದರು. ಹೊಸ ಫೀಚರ್ ಏನೂ ಇಲ್ಲ ಅಂತ ಆಗ ನಾವೆಲ್ಲ ಮೂಗು ಮುರಿದಿದ್ದೆವು, ಆದರೆ ಹಳೆಯದರ ಜೊತೆ ಬಾಳ್ವೆ ಮಾಡುವವರಿಗೆ ಅದೇ ದೊಡ್ಡದು. ಈಗ ರಿಯಾಕ್ಟನ್ನು ಕೂರಿಸಿದ ಚೌಕಟ್ಟಾದ ರೂಟ್ ಡಿವ್‌ನಲ್ಲೇ ಕಾಯುತ್ತದೆ, ನಿಮ್ಮ ಡಿವ್ ಟಿಡಿಯ ಒಳಗಿದೆ, ಅಂದರೆ ಜೆಕ್ವೆರಿಗಿಂತ ಮೊದಲು ರಿಯಾಕ್ಟಿಗೇ ಸಿಗುತ್ತದೆ. 17ಕ್ಕೆ ಏರಿಸಿ, ಬಟನ್ ಮೂಡಿಸಲು ನೀವು ಬರೆದಿರುವ ರಿಯಾಕ್ಟ್‌ಡಾಮ್ ರೆಂಡರ್ ಹಾಗೇ ನಡೆಯುತ್ತದೆ.

ಗದಗ_ಗಾಳಿ:
ನನ್ನನ್ನು ಕೇಳಿದರೆ ಒಂದೇ ಪೇಜಿನಲ್ಲಿ ಎರಡನ್ನೂ ಬೆರೆಸಬೇಡಿ, ಸುಮ್ನೆ ತಲೆನೋವು. ಇವತ್ತು ಕ್ಲಿಕ್, ನಾಳೆ ಬಣ್ಣ, ಅಳತೆ ಹೇಳುವ ಹಳೇ ಸಿಎಸ್‌ಎಸ್ ಬಂದು ಹೊಸ ಬಟನ್ನಿನ ಮೇಲೆ ಕೂರುತ್ತದೆ. ಒಂದೊಂದೇ ಸ್ಕ್ರೀನ್ ಬೇರೆ ಮಾಡಿ, ವೆಬ್ ಸರ್ವರ್ ಆದ ಎಂಜಿನ್ಎಕ್ಸ್‌ನಲ್ಲಿ ಆ ದಾರಿಯನ್ನಷ್ಟೇ ಹೊಸದಕ್ಕೆ ತಿರುಗಿಸಿ. ಡೊಮೇನ್ ಒಂದೇ ಇದ್ದರೆ ಹಳೇ ಸೆಷನ್ ಕುಕಿ ಅಲ್ಲಿಗೂ ಹೋಗುತ್ತದೆ, ಮತ್ತೆ ಲಾಗಿನ್ ಬೇಡ.

ಕೆಂಪು_ಚೀಲ:
ಗದಗದವರ ಮಾತು ಸರಿ, ಸೀಸನ್ ಮುಗಿದ ಮೇಲೆ ಅದನ್ನೇ ಮಾಡುತ್ತೇನೆ. ಸದ್ಯ 17 ಹಾಕಿದೆ, ಬಟನ್ ಓಡಿತು! ಆದರೆ ತಾರೀಕು ಬದಲಿಸಿದರೆ ಜೆಕ್ವೆರಿ ಟೇಬಲ್ ಅಳಿಸಿ ಮತ್ತೆ ಬರೆಯುತ್ತದೆ, ನನ್ನ ಬಟನ್ ಮಾಯ.

ಧಾರವಾಡ_ಮಳೆ:
ಅಳಿಸುವ ಮೊದಲು, ರಿಯಾಕ್ಟಿನ ಭಾಗವನ್ನು ಸರಿಯಾಗಿ ಕಳಚಲು, ಪ್ರತಿ ಡಿವ್‌ಗೂ ಅನ್‌ಮೌಂಟ್‌ಕಾಂಪೊನೆಂಟ್‌ಆಟ್‌ನೋಡ್ ಕರೆಯಿರಿ, ಬರೆದಾದ ಮೇಲೆ ಮತ್ತೆ ರೆಂಡರ್ ಮಾಡಿ. ಅನ್‌ಮೌಂಟ್ ಬಿಟ್ಟರೂ ನಡೆದಂತೆ ಕಾಣುತ್ತದೆ, ಆದರೆ ಕಳಚದ ಹಳೇ ಭಾಗಗಳು ಮೆಮೊರಿಯಲ್ಲಿ ಉಳಿದು ಸಂಜೆ ಹೊತ್ತಿಗೆ ಬ್ರೌಸರ್ ಏದುಸಿರು ಬಿಡುತ್ತದೆ. ಸಾಹುಕಾರರು ಟ್ಯಾಬ್ ಮುಚ್ಚುವವರಲ್ಲ ಅಲ್ವಾ?