ಸಂಘದ ಲೆಕ್ಕ ಕೂಡುತ್ತಿಲ್ಲ, ಏನು ಮಾಡಲಿ?: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ಸಕಲೇಶಪುರ ಕಡೆಯ ಕಾಫಿ ತೋಟದ ಕೆಲಸದವರು ನಾವು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 15 ಜನ. ಹಳೆಯ ಪ್ರತಿನಿಧಿ ದುಡ್ಡು ತಿಂದಿದ್ದಾರೆ ಅಂತ ಕೆಲವರ ಗುಮಾನಿ. ನಾಲ್ವರು ಸಂಘ ಬಿಡುತ್ತೇವೆ ಅನ್ನುತ್ತಿದ್ದಾರೆ. ಈಗ ನನ್ನನ್ನು ಪ್ರತಿನಿಧಿ ಮಾಡಿದ್ದಾರೆ. ಮತ್ತೆ ನಂಬಿಕೆ ಹುಟ್ಟಿಸುವುದು ಹೇಗೆ?

*

ತಾಯಿ, ಯಾರು ತಿಂದರು ಅನ್ನುವ ಮಾತು ಆಮೇಲೆ. ಎಷ್ಟು ಕಡಿಮೆ ಬಿದ್ದಿದೆ ಅನ್ನುವುದು ಮೊದಲು ತಿಳಿಯಲಿ. ಎಲ್ಲರ ಪಾಸ್‌ಬುಕ್ ಒಂದೆಡೆ ತರಿಸಿ, ಸಂಘದ ಬ್ಯಾಂಕ್ ಪಾಸ್‌ಬುಕ್ಕಿಗೆ ಇವತ್ತಿನವರೆಗಿನ ಎಂಟ್ರಿ ಹಾಕಿಸಿ.

ಲೆಕ್ಕ ಹೀಗೆ: ಎಲ್ಲರ ಉಳಿತಾಯಕ್ಕೆ ಬಂದ ಬಡ್ಡಿ ಕೂಡಿಸಿ, ಖರ್ಚು ಕಳೆಯಿರಿ. ಉಳಿದದ್ದು ಖಾತೆಯ ಹಣ, ಕೈಯಲ್ಲಿರುವ ನಗದು, ಸದಸ್ಯರಿಂದ ಬರಬೇಕಾದ ಸಾಲ ಈ ಮೂರರ ಮೊತ್ತಕ್ಕೆ ಸಮ ಇರಬೇಕು. ವಾರಕ್ಕೆ 50 ರೂಪಾಯಿಯಂತೆ 15 ಜನ 104 ವಾರ ಕಟ್ಟಿದರೆ 78,000. ಬಡ್ಡಿ 9,400 ಬಂದು ಖರ್ಚು 1,150 ಆಗಿದ್ದರೆ 86,250 ಇರಬೇಕು. ಖಾತೆಯಲ್ಲಿ 22,600, ಬರಬೇಕಾದ ಸಾಲ 60,400, ನಗದು ಇಲ್ಲ ಅಂದರೆ 3,250 ಕಡಿಮೆ. ಬ್ಯಾಂಕ್ ಸಾಲ ಪಡೆದಿದ್ದರೆ ಅದನ್ನು ಕೂಡಿಸಿ, ಕಟ್ಟಿದ ಅಸಲು, ಬಡ್ಡಿ ಎರಡನ್ನೂ ಕಳೆಯಿರಿ.

ಕಡಿಮೆ ಬಿದ್ದದ್ದೆಲ್ಲ ಕಳ್ಳತನವಲ್ಲ. ದಾರಿಯಲ್ಲಿ ಸಿಕ್ಕಾಗ ಕೊಟ್ಟ ಕಂತು ಒಬ್ಬರ ಪಾಸ್‌ಬುಕ್ಕಿನಲ್ಲಿ ಮಾತ್ರ ಬರೆದು ನಗದು ಪುಸ್ತಕಕ್ಕೆ ಹತ್ತಿಸದೆ ಬಿಟ್ಟಿರುತ್ತಾರೆ. ಬಡ್ಡಿಯನ್ನು ಅಸಲಿನ ಕಾಲಮ್ಮಿನಲ್ಲಿ ಬರೆದಿರುತ್ತಾರೆ. ಬ್ಯಾಂಕ್ ಹಿಡಿದುಕೊಂಡ ಶುಲ್ಕ ಖರ್ಚಿಗೆ ಬಂದಿರುವುದಿಲ್ಲ. ಈ ಮೂರನ್ನು ತಾಳೆ ನೋಡದೆ ಯಾರ ಹೆಸರನ್ನೂ ಎತ್ತಬೇಡಿ.

ಸಹಿದಾರರ ಬದಲಾವಣೆಯನ್ನು ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿ, ಎಲ್ಲರ ಸಹಿ ಹಾಕಿಸಿ ಬ್ಯಾಂಕಿಗೆ ಕೊಡಿ. ಅದೇ ದಿನ ಖಾತೆಯ ಮೊಬೈಲ್ ನಂಬರನ್ನೂ ಬದಲಿಸಿ. ಬಹಳ ಸಂಘಗಳು ಮರೆಯುವುದು ಇದನ್ನೇ. ಮೆಸೇಜು ಹಳಬರ ಫೋನಿಗೇ ಹೋಗುತ್ತಿರುತ್ತದೆ, ಹೊಸಬರಿಗೆ ಏನೂ ತಿಳಿಯುವುದಿಲ್ಲ.
— ನಿವೃತ್ತ ಬ್ಯಾಂಕ್ ನೌಕರರು, ಬೇಲೂರು

*

ಅಕ್ಕಾ, ಸಭೆಯನ್ನು ಬಟವಾಡೆಯ ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಕೈಯಲ್ಲಿ ಕಾಸಿರುತ್ತದೆ, ಕಂತು ತಪ್ಪುವುದಿಲ್ಲ. ಹಣ್ಣು ಕುಯ್ಯುವ ಕಾಲದಲ್ಲಿ ತೂಕ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ, ಆಗ ಸಂಜೆ ಸಭೆ ಕರೆದರೆ ಅರ್ಧ ಜನ ಬರುವುದಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಬಡ್ಡಿ ಮಾತ್ರ, ಕುಯ್ಲಿನಲ್ಲಿ ದೊಡ್ಡ ಕಂತು ಅಂತ ಸಾಲ ಕೊಡುವಾಗಲೇ ಬರೆದಿಡಿ.

ದುಡ್ಡು ಎಲ್ಲರ ಮುಂದೆ ಎಣಿಸಿ, ಮೊತ್ತ ಗಟ್ಟಿಯಾಗಿ ಓದಿ. ಹೆಬ್ಬೆಟ್ಟು ಒತ್ತುವವರಿಗೆ ಅವರ ಪುಟವನ್ನು ಓದಿ ಹೇಳದೆ ಒತ್ತಿಸಿಕೊಳ್ಳಬೇಡಿ. ಮರುದಿನವೇ ಇಬ್ಬರು ಹೋಗಿ ಬ್ಯಾಂಕಿಗೆ ಕಟ್ಟಿ ಬರಲಿ, ಆ ಇಬ್ಬರು ಪ್ರತಿ ಸಲ ಬೇರೆಯವರಾಗಿರಲಿ.

ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕಿ. 10,000 ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ 1,000 ಅಸಲು ತೀರಿದರೆ ಹತ್ತು ತಿಂಗಳಿಗೆ ಒಟ್ಟು ಬಡ್ಡಿ 550. ಪೂರ್ತಿ ಸಾಲದ ಮೇಲೇ ಹಾಕುತ್ತಾ ಹೋದರೆ 1,000 ಆಗುತ್ತದೆ. ಜಗಳಕ್ಕೆ ಬಹಳ ಸಲ ಇದೇ ಮೂಲ.

ನಿಮಗೇ ಸಾಲ ಬೇಕಾದರೆ ಆ ಅರ್ಜಿ ನೋಡುವಾಗ ನೀವು ಎದ್ದು ಹೊರಗೆ ಹೋಗಿ, ಎರಡನೇ ಪ್ರತಿನಿಧಿ ಸಭೆ ನಡೆಸಲಿ.
— ಸಂಘದ ಲೆಕ್ಕ ಬರೆಯುವವರು, ಮೂಡಿಗೆರೆ

*

ಹಳೆಯ ಪ್ರತಿನಿಧಿಯನ್ನು ಸಭೆಯಲ್ಲಿ ನಿಲ್ಲಿಸಿ ಕೇಳಬೇಡಿ. ಅವಮಾನವಾದವರು ಪುಸ್ತಕವನ್ನೇ ಕೊಡುವುದಿಲ್ಲ. ಸಂಘದ ಹಿರಿಯರಿಬ್ಬರು ಅವರ ಮನೆಗೆ ಹೋಗಿ, ಯಾವ ಯಾವ ಪುಸ್ತಕ ಕೈಗೆ ಬಂತು ಅಂತ ಚೀಟಿ ಬರೆದು ಕೊಟ್ಟು ತರಲಿ. ಅವರ ಕಡೆ ಬಾಕಿ ನಿಜವಾಗಿಯೂ ಇದ್ದರೆ ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟು ನಡಾವಳಿಯಲ್ಲಿ ಬರೆಸಿ. ಒಪ್ಪದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಮಾತಾಡಿ. ಅಲ್ಲೂ ಬಗೆಹರಿಯದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ಕೊಡಿ.

ಬಿಡುತ್ತೇವೆ ಅನ್ನುವ ನಾಲ್ವರನ್ನು ತಡೆಯಬೇಡಿ, ಹಾಗಂತ ಅವಸರಪಡಿಸಲೂ ಬೇಡಿ. ಲೆಕ್ಕ ಪರಿಶೀಲನೆಗೆ ಅವರಲ್ಲೇ ಇಬ್ಬರನ್ನು ಕೂರಿಸಿ. ಎಲ್ಲ ನೋಡಿದ ಮೇಲೂ ಹೋಗುತ್ತೇನೆ ಅಂದವರಿಗೆ ಅವರ ಉಳಿತಾಯದಲ್ಲಿ ಸಾಲದ ಬಾಕಿ ಹಿಡಿದು ಮಿಕ್ಕಿದ್ದನ್ನು ಸಭೆಯಲ್ಲೇ ಕೊಟ್ಟು ಸಹಿ ತೆಗೆದುಕೊಳ್ಳಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಸಾಲ ಇದ್ದರೆ ಅವರ ಪಾಲು ತೀರುವವರೆಗೆ ಲೆಕ್ಕ ಚುಕ್ತಾ ಮಾಡಬೇಡಿ, ಉಳಿದ ಹನ್ನೊಂದು ಜನರ ತಲೆಯ ಮೇಲೆ ಅದು ಬರುತ್ತದೆ.
— ಓದುಗರು, ಆಲೂರು