ಅಪ್‌ಡೇಟ್: ನಲ್ಲಿ ನೀರಲ್ಲಿ ಸೀಸ, ಕೊನೆಗೂ ಕಳ್ಳ ಸಿಕ್ಕಿದ

ಹಳೇ ಮನೆಯ ನೀರಲ್ಲಿ ಸೀಸ ಇದೆಯಾ ಅಂತ ತಿಳಿಯೋದು ಹೇಗೆ ಎಂದು ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಲ್ಯಾಬ್ ರಿಪೋರ್ಟ್ ಬಂತು. ನೀರಲ್ಲಿ ಕರಗಿರುವುದನ್ನೆಲ್ಲ ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ಸುಮ್ನೆ ದಂಡ, ಅದಕ್ಕೆ ಸೀಸ ಬೇರೆಯಾಗಿ ಗೊತ್ತಾಗುವುದೇ ಇಲ್ಲ. ಕುದಿಸಿದರೂ ಹೋಗಲ್ಲ, ನೀರು ಇಂಗಿ ಇನ್ನೂ ಜಾಸ್ತಿಯಾಗುತ್ತದೆ.

ಕೈಹಿಡಿದದ್ದು "ಲ್ಯಾಬಿಗೆ ಎರಡು ಬಾಟಲಿ ನೀರು ಕೊಡಿ" ಎಂದು ಇಲ್ಲಿ ಉತ್ತರಿಸಿದವರ ಮಾತು. ರಾತ್ರಿಯೆಲ್ಲ ನಲ್ಲಿ ಮುಟ್ಟದೆ, ಬೆಳಗ್ಗೆ ಕಾಫಿಗೂ ಮುಂಚೆ ಬಂದ ಮೊದಲ ನೀರು ಒಂದರಲ್ಲಿ, ಐದು ನಿಮಿಷ ಹರಿಯಬಿಟ್ಟು ಹಿಡಿದದ್ದು ಇನ್ನೊಂದರಲ್ಲಿ. ಮೊದಲನೆಯದರಲ್ಲಿ ಲೀಟರಿಗೆ 0.018 ಮಿಲಿಗ್ರಾಂ, ಎರಡನೆಯದರಲ್ಲಿ 0.002. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಮಿತಿ 0.01. ಅಂದರೆ ರಾತ್ರಿಯೆಲ್ಲ ನಿಂತ ನೀರಿಗೆ ಮಾತ್ರ ಸೀಸ ಇಳಿಯುತ್ತಿತ್ತು; ತಪ್ಪು ಸರಬರಾಜಿನದಲ್ಲ, ಅತ್ತೆ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜುತ್ತಿದ್ದ ಆ ಹಿತ್ತಾಳೆ ನಲ್ಲಿಯದೇ! ಬದಲಾಯಿಸಿದೆ. ಮರುಪರೀಕ್ಷೆಯಲ್ಲಿ ಮೊದಲ ನೀರೂ 0.003.