ಸಿಂಹರಾಶಿಯ ಜೀವಿ, ಕೋಸಿನ ವಾಸನೆ

ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದೆವು. ಶೀನ ಮೊಬೈಲ್ ಎತ್ತಿ ಹಿಡಿದುಕೊಂಡೇ ಬಂದ.

"ಸಿಕ್ಕೇಬಿಡ್ತು ಕಣ್ರೋ! ಬೇರೆ ಗ್ರಹದಲ್ಲಿ ಜೀವಿಗಳಿವೆಯಂತೆ. ಅದೂ ಎಲ್ಲಿ? ಸಿಂಹರಾಶೀಲಿ. ನನ್ನ ರಾಶಿ!"

"ಬುದ್ಧಿ ಇರೋ ಜೀವಿ ಅಂತ ಬರೆದಿಲ್ಲ ತಾನೇ?" ಎಂದ ಸುಬ್ಬು. ಇವನು ಇಪ್ಪತ್ತು ವರ್ಷ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹೆಡ್ಡಿಂಗ್ ಕೊಟ್ಟವನು.

ನಮ್ಮ ಫಿಸಿಕ್ಸ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೊಬೈಲ್ ನೋಡಿದರು. "ಇದು 2025ರ ಏಪ್ರಿಲ್ ಸುದ್ದಿ ಕಣಯ್ಯ. ಕೆ2-18ಬಿ ಅಂತ ಗ್ರಹ. 124 ಜ್ಯೋತಿರ್ವರ್ಷ ದೂರ. ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ತಂಡ ಜೇಮ್ಸ್ ವೆಬ್ ದೂರದರ್ಶಕದಲ್ಲಿ ನೋಡಿ, ಡೈಮೀಥೈಲ್ ಸಲ್ಫೈಡ್ ಅನ್ನೋ ಅನಿಲ ಇರಬಹುದು ಅಂದರು. ನಮ್ಮಲ್ಲಿ ಅದು ಜಾಸ್ತಿ ಬರೋದು ಸಮುದ್ರದಲ್ಲಿ ತೇಲೋ ಪಾಚಿಯಂಥ ಸಣ್ಣ ಜೀವಿಗಳಿಂದ. ಕೋಸು ಬೇಯಿಸಿದಾಗ ಮೂಗಿಗೆ ಬಡಿಯುತ್ತಲ್ಲ, ಆ ವಾಸನೇಲೂ ಅದೇ ಇರುತ್ತೆ."

"ಹಾಗಾದ್ರೆ ಇದೆ ಅಂತಲೇ ಆಯ್ತಲ್ಲ?"

"ನೀನು ಕೊಳ್ಳೋ ಸೈಟಿನ ಪತ್ರ ಸರಿ ಇರಬಹುದು ಅಂತ ವಕೀಲ ಹೇಳಿದರೆ ದುಡ್ಡು ಕೊಡ್ತೀಯಾ?"

ಶೀನ ತಣ್ಣಗಾದ. ಬೆಂಗಳೂರಿನಲ್ಲಿ ಸೈಟಿನ ಮಾತೆತ್ತಿದರೆ ಎಂಥವನಿಗೂ ವಿಜ್ಞಾನ ತಲೆಗೆ ಹತ್ತುತ್ತದೆ.

ಮೇಷ್ಟ್ರು ಬಿಡಲಿಲ್ಲ. "ಅವರಿಗೆ ಸಿಕ್ಕಿದ್ದು ಮೂರು ಸಿಗ್ಮಾ. ಗುರುತು ಎಷ್ಟು ಗಟ್ಟಿ ಅಂತ ಅಳೆಯೋ ಲೆಕ್ಕ ಅದು. ಅನಿಲ ಇಲ್ಲದೇ ಇದ್ದರೂ ಸುಮ್ನೆ ಆಕಸ್ಮಿಕವಾಗಿ ಇಂಥ ಗುರುತು ಮೂಡೋ ಸಾಧ್ಯತೆ ಸಾವಿರಕ್ಕೆ 3. ಕಂಡುಹಿಡಿದೆವು ಅಂತ ಎದೆ ತಟ್ಟಬೇಕಾದರೆ ಐದು ಸಿಗ್ಮಾ ಬೇಕು. ಅಂದರೆ ಕೋಟಿಗೆ 6. ಮಧುಸೂದನ್ ಅವರೇ ಅವಸರ ಬೇಡ ಅಂದಿದ್ದರು. ಆಮೇಲೆ ಬೇರೆಯವರು ಅದೇ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿ, ಗುರುತು ಅಷ್ಟು ಗಟ್ಟಿ ಇಲ್ಲ ಅಂದರು. ಇನ್ನೊಂದು ತಮಾಷೆ ಗೊತ್ತಾ? ಈ ಅನಿಲದ ಸುಳಿವು 67ಪಿ ಅನ್ನೋ ಧೂಮಕೇತುವಿನಲ್ಲೂ ಸಿಕ್ಕಿದೆ. ಅಲ್ಲಿ ಯಾವ ಪಾಚಿ ಬೆಳೀತಿದೆ?"

ಎಲ್ಲರೂ ಸುಬ್ಬು ಕಡೆ ತಿರುಗಿದೆವು.

"ನನ್ನನ್ನೇನು ನೋಡ್ತೀರಿ? ರಾತ್ರಿ ಹನ್ನೊಂದಕ್ಕೆ ಏಜೆನ್ಸಿ ಸುದ್ದಿ ಬರುತ್ತೆ. ಇರೋದು ಎರಡು ಕಾಲಂ ಜಾಗ. 'ಜೀವಿಗಳಿಂದ ಬಂದಿರಬಹುದಾದ ಅನಿಲ ಇರಬಹುದಾದ ಸಾಧ್ಯತೆ' ಅಂತ ಹೆಡ್ಡಿಂಗ್ ಕೊಟ್ರೆ ಪೇಜ್ ಕಟ್ಟೋನು ಹೊಡೆಯೋಕೆ ಬರ್ತಾನೆ. ಮೊದಲು ಹಾರೋದೇ 'ಬಹುದು'. ಅದನ್ನ ಕಿತ್ತರೂ ವಾಕ್ಯ ಬೀಳಲ್ಲ ನೋಡು."

"ಅರ್ಥ ಬೀಳುತ್ತಲ್ಲೋ."

"ಮನಸ್ಸು ತೀರಾ ಚುಚ್ಚಿದರೆ ಕೊನೇಲಿ ಒಂದು ಪ್ರಶ್ನೆ ಚಿಹ್ನೆ ಹಾಕ್ತಿದ್ದೆ. ಎಷ್ಟೊಂದು ಜಾಗ ಉಳಿಸುತ್ತೆ ಗೊತ್ತಾ ಅದು!"

ಪಾಪ, ಡೆಸ್ಕಿನವರನ್ನೇ ಬೈದು ಪ್ರಯೋಜನವಿಲ್ಲ. ವಿಶ್ವವಿದ್ಯಾಲಯದ ಪ್ರಕಟಣೆಯ ತಲೆಬರಹದಲ್ಲೇ 'ಇದುವರೆಗಿನ ಅತಿ ಗಟ್ಟಿ ಸುಳಿವು' ಎಂದಿತ್ತು. ಸುಳಿವು ಎಂಬ ಪದವನ್ನು ಅವರೇನೋ ಇಟ್ಟಿದ್ದರು. ಆದರೆ ಗಟ್ಟಿ ಎಂದು ಕಂಡಮೇಲೆ ಮುಂದಿನದನ್ನು ಯಾರು ಓದುತ್ತಾರೆ?

ನನಗೆ ನಮ್ಮ ಸೋದರಮಾವ ನೆನಪಾದರು. 2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ಸುಮಾರು 5.6 ಕೋಟಿ ಕಿಲೋಮೀಟರ್ ಹತ್ತಿರ ಬಂದಿತ್ತು. ಹೆಚ್ಚುಕಡಿಮೆ 60 ಸಾವಿರ ವರ್ಷಗಳಲ್ಲಿ ಅಷ್ಟು ಹತ್ತಿರ ಬಂದದ್ದೇ ಇಲ್ಲ. ಇಷ್ಟು ನಿಜ. 75 ಪಟ್ಟು ದೊಡ್ಡದು ಮಾಡುವ ದೂರದರ್ಶಕದಲ್ಲಿ ನೋಡಿದರೆ ಮಂಗಳ, ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ಕಾಣುತ್ತದೆ ಎಂದು ಯಾರೋ ಬರೆದರು. ಅದೂ ನಿಜವೇ. ಆ ಇಮೇಲ್ ಕೈಯಿಂದ ಕೈಗೆ ದಾಟುವಾಗ ದೂರದರ್ಶಕ ಮಾತ್ರ ಎಲ್ಲೋ ಬಿದ್ದುಹೋಯಿತು! ಉಳಿದದ್ದು 'ಆಕಾಶದಲ್ಲಿ ಎರಡು ಚಂದ್ರ'. ಇಸವಿಯೂ ಉದುರಿದ್ದರಿಂದ ಅದು ಪ್ರತಿ ಆಗಸ್ಟ್‌ಗೂ ಹೊಸ ಸುದ್ದಿಯಾಗಿ ಬರುತ್ತಿತ್ತು. ಮಾವ ಪ್ರತಿ ವರ್ಷ ಚಾಪೆ ಹಿಡಿದು ತಾರಸಿ ಹತ್ತುತ್ತಿದ್ದರು. ಸೊಳ್ಳೆ ಕಚ್ಚಿಸಿಕೊಂಡು ಇಳಿಯುತ್ತಿದ್ದರು. "ಮೋಡ ಕಣೋ, ಇಲ್ದಿದ್ರೆ ಕಂಡೇ ಕಾಣ್ತಿತ್ತು" ಅನ್ನುತ್ತಿದ್ದರು.

"ನಿಮ್ಮ ಮಾವ ನನ್ನ ಬೆಸ್ಟ್ ಓದುಗರು," ಎಂದ ಸುಬ್ಬು.

ಅಷ್ಟರಲ್ಲಿ ಶೀನ ಮೂಗರಳಿಸಿದ. "ಮೇಷ್ಟ್ರೇ, ವಾಸನೆ ಬರ್ತಿದೆ. ಕೋಸು! ಪಲ್ಯ ಆಗಿದೆ ಒಳಗೆ. ಎಲ್ಲರಿಗೂ ಚಪಾತಿ ಹೇಳ್ತೀನಿ, ಇವತ್ತು ನಂದು."

ಕ್ಯಾಶ್ ಕೌಂಟರಿಗೆ ಓಡಿದವನು ಐದು ನಿಮಿಷ ಬಿಟ್ಟು ಮೆಲ್ಲಗೆ ಬಂದ. ಕೈಯಲ್ಲಿ ನಾಲ್ಕು ಟೋಕನ್ ಇತ್ತು, ತಟ್ಟೆ ಇರಲಿಲ್ಲ.

"ಏನಾಯ್ತೋ?"

"ಇವತ್ತು ಕೋಸು ತಂದೇ ಇಲ್ಲವಂತೆ. ಹಿಂದುಗಡೆ ಮೋರಿ ಕಟ್ಕೊಂಡಿದೆಯಂತೆ."

"ಮತ್ತೆ ದುಡ್ಡು?"

"ವಾಪಸ್ ಕೊಡಲ್ವಂತೆ. ಹನ್ನೆರಡೂವರೆ ಮೇಲೆ ಬನ್ನಿ, ಆಲೂಗಡ್ಡೆ ಪಲ್ಯ ಇರಬಹುದು ಅಂದ."